ಮದ್ದಿನ ಕಾಲ, ಮೊಟ್ಟೆಯ ಕಾಲ



ಅಘನಾಶಿನಿ ಎಂದರೆ ನಮಗೆಲ್ಲ ಹೆಮ್ಮೆ. ಶಿರಸಿಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ದೊಡ್ಡ ಅಣೆಕಟ್ಟು ಒಂದೂ ಅಡ್ಡ ಬರದೆ ಕಡಲು ಸೇರುವ ಹೊಳೆ ಅದು. 2011ರಲ್ಲಿ ಅದರ ಕಣಿವೆಯ ಕಾಡು ಸಿಂಗಳೀಕಗಳಿಗಾಗಿ ಸಂರಕ್ಷಿತ ಪ್ರದೇಶವಾಯಿತು. 2024ರಲ್ಲಿ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು. ಆದರೆ ಹೊಳೆ ತುಂಬುವುದು ಹಳ್ಳಗಳಿಂದ, ಹಳ್ಳಗಳು ಹರಿಯುವುದು ನಮ್ಮ ತೋಟಗಳ ನಡುವೆ. ಅಲ್ಲಿ ಯಾವ ಇಲಾಖೆಯ ಫಲಕವೂ ಇಲ್ಲ. ನೀರು ಹೇಗಿರಬೇಕು ಎಂದು ತೀರ್ಮಾನಿಸುವವರು ನಾವೇ. ಇವತ್ತು ಆ ಹಳ್ಳಗಳ ಬಗ್ಗೆ ಮಾತ್ರ ಮಾತಾಡುತ್ತೇನೆ.

ಮೊದಲು ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಕೊಳೆಮದ್ದು. ಬೋರ್ಡೋ ದ್ರಾವಣವನ್ನು ನಾನು ಬೈಯುವುದಿಲ್ಲ. ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲೇ ಕೊಳೆರೋಗದ ಬಗ್ಗೆ ವಿವರವಾಗಿ ಬರೆದರು, ಅಲ್ಲಿಂದ ಇಲ್ಲಿಯವರೆಗೆ ಮಲೆನಾಡಿನ ಅಡಿಕೆಯನ್ನು ಉಳಿಸಿದ್ದು ಈ ಮದ್ದೇ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಅಡಿಕೆಗೊನೆಗೆ ಬಿದ್ದ ಮದ್ದಿನಿಂದ ಹಳ್ಳಕ್ಕೆ ಆಗುವ ತೊಂದರೆ ಕಡಿಮೆ. ತೊಂದರೆ ಇರುವುದು ಸಂಜೆಯ ಹೊತ್ತಿಗೆ, ಡ್ರಮ್ಮಿನ ತಳದಲ್ಲಿ ಉಳಿದದ್ದನ್ನು ಹಳ್ಳಕ್ಕೆ ಚೆಲ್ಲಿ, ಪಂಪು, ಪೈಪು, ಬಕೆಟ್ ಎಲ್ಲವನ್ನೂ ಹರಿವ ನೀರಲ್ಲಿ ತೊಳೆಯುವಾಗ. ಮೈಲುತುತ್ತು ಎಂದರೆ ತಾಮ್ರ. ಅದು ಕೊಳೆತು ಹೋಗುವ ವಸ್ತುವಲ್ಲ, ಕೆಸರಿನಲ್ಲಿ ಕೂರುತ್ತದೆ. ಮನುಷ್ಯರಿಗೆ ಏನೂ ಅನಿಸದಷ್ಟು ತಾಮ್ರ ಮೀನಿನ ಕಿವಿರನ್ನು ಕೆಡಿಸಲು ಸಾಕು. ಗೊದಮೊಟ್ಟೆ ಮೇಯುವ ಪಾಚಿಯೂ ಅದರಿಂದ ಸಾಯುತ್ತದೆ.

ಇನ್ನು ಕಾಲ ನೋಡಿ. ಮೊದಲ ಮದ್ದು ಮಳೆ ಹಿಡಿಯುವ ಮುಂಚೆ, ಎರಡನೆಯದು ಅದಾಗಿ ನಲವತ್ತು ನಲವತ್ತೈದು ದಿನಕ್ಕೆ. ಹಳ್ಳದ ಜೀವಗಳು ಮೊಟ್ಟೆ ಇಡುವುದೂ ಇದೇ ಮಳೆಗಾಲದಲ್ಲಿ. ಹೊನ್ನಾವರ–ಜೋಗ ದಾರಿಯ ಕತ್ತಲೆಕಾನಿನಲ್ಲಿ, ರಾಂಪತ್ರೆ ಜಡ್ಡಿಗಳಿರುವ ಆ ಕಾಡಿನಲ್ಲಿ, ಕುಂಬಾರ ಕಪ್ಪೆ ಎಂಬ ಪುಟ್ಟ ಇರುಳುಗಪ್ಪೆ ಇದೆ. ವಿಜ್ಞಾನಿಗಳು ಅದನ್ನು ಹೊಸ ಪ್ರಭೇದವೆಂದು ಗುರುತಿಸಿದ್ದು 2014ರಲ್ಲಿ. ನೀರಿನ ಮೇಲೆ ಚಾಚಿದ ಕಡ್ಡಿಯ ಮೇಲೋ ಬಂಡೆಯ ಮೇಲೋ ಮೊಟ್ಟೆ ಇಟ್ಟಾದ ಮೇಲೆ, ಗಂಡು ಕಪ್ಪೆ ಹಳ್ಳದ ಕೆಸರನ್ನು ಮುಂಗೈಯಲ್ಲಿ ಎತ್ತಿ ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಮೊಟ್ಟೆ ಒಣಗದಂತೆ, ಶತ್ರುವಿನ ಕಣ್ಣಿಗೆ ಬೀಳದಂತೆ ಕಾಯುವುದು ಆ ಮಣ್ಣೇ. ಮೊಟ್ಟೆ ಒಡೆದು ಮರಿಗಳು ಬೀಳುವುದು ಕೆಳಗಿನ ನೀರಿಗೆ. ಆ ಕೆಸರು ಶುದ್ಧವಾಗಿರಬೇಕು, ಆ ನೀರು ಶುದ್ಧವಾಗಿರಬೇಕು. ಕಪ್ಪೆಗೆ ಬೇರೆ ದಾರಿಯಿಲ್ಲ. ಇಂಥ ಪ್ರಾಣಿ ನಮ್ಮ ಸೀಮೆಯಲ್ಲಿದೆ ಎಂಬುದನ್ನು ನಮ್ಮ ಶಾಲೆಯ ಮಕ್ಕಳೆಲ್ಲ ತಿಳಿದಿರಬೇಕು ಎಂದು ನನ್ನ ಆಸೆ.

ಬೇಸಿಗೆಯ ಅಪಾಯ ಬೇರೆ. ಹರಿವು ನಿಂತು ನೀರು ಗುಂಡಿಗಳಲ್ಲಿ ಮಾತ್ರ ಉಳಿದಾಗ, ಮುಂದಿನ ಮಳೆಗೆ ಬೇಕಾದ ಮೀನಿನ ಸಂತಾನವೆಲ್ಲ ಆ ಗುಂಡಿಗಳಲ್ಲೇ ಇರುತ್ತದೆ. ಹಿಂದೆ ಕಾರೆಕಾಯಿ ಜಜ್ಜಿ ಹಾಕಿ ಮೀನಿಗೆ ಮತ್ತು ಬರಿಸುತ್ತಿದ್ದರು. ಈಗ ಬ್ಲೀಚಿಂಗ್ ಪೌಡರ್ ಸುರಿಯುವವರಿದ್ದಾರೆ. ಅದು ಒಂದು ಊಟದ ಮೀನಿಗಾಗಿ ಇಡೀ ಗುಂಡಿಯನ್ನೇ ಕೊಲ್ಲುವ ಕೆಲಸ. ಮರಿ, ಸೀಗಡಿ, ಏಡಿ ಯಾವುದೂ ಉಳಿಯುವುದಿಲ್ಲ. ಘಟ್ಟದ ಹಳ್ಳಗಳ ಸಣ್ಣ ನೀರುನಾಯಿಗೆ ಏಡಿಯೇ ಮುಖ್ಯ ಆಹಾರ. ಏಡಿ ಹೋದರೆ ಅದೂ ಹೋಯಿತು. ಇದು ಕಳ್ಳತನಕ್ಕಿಂತ ಕೆಟ್ಟದ್ದು, ಇದನ್ನು ಕಂಡೂ ಸುಮ್ಮನಿರುವುದು ತಪ್ಪು.

ದಂಡೆಯ ಮಾತು. ತೋಟ ಎರಡು ಸಾಲು ಹೆಚ್ಚಾಗಲಿ ಎಂದು ಜೆಸಿಬಿ ತಂದು ಮುಂಡಿಗೆ ಹಿಂಡನ್ನು ಕಿತ್ತು ಹಾಕುತ್ತೇವೆ. ಮಣ್ಣನ್ನು ಹಿಡಿದಿಟ್ಟಿದ್ದು ಆ ಬೇರುಗಳು. ನಾವೆಲ್ಲ ಆಸೆಪಟ್ಟು ಉಪ್ಪಿನಕಾಯಿ ಹಾಕುವ ಅಪ್ಪೆಮಿಡಿಯ ಒಳ್ಳೊಳ್ಳೆಯ ಮರಗಳು ಎಲ್ಲಿವೆ ಹೇಳಿ? ಹೊಳೆ-ಹಳ್ಳದ ಅಂಚಿನಲ್ಲೇ. ಮಿಡಿಗಾಗಿ ಕೊಂಬೆ ಕಡಿದು, ಮರವನ್ನೇ ಉರುಳಿಸಿ, ಕೊನೆಗೆ ಮಿಡಿಯ ದರ ಏರಿತೆಂದು ಕೊರಗುತ್ತೇವೆ. ಎಕರೆ ತೋಟಕ್ಕೆ ಒಂಬತ್ತು ಎಕರೆ ಸೊಪ್ಪಿನಬೆಟ್ಟ ಅನುಭವಿಸುವ ಹಕ್ಕು ಈ ಜಿಲ್ಲೆಯವರಿಗಿದೆ. ಅಷ್ಟು ಪಡೆದವರು ಹಳ್ಳದ ಪಕ್ಕ ಹತ್ತು ಮಾರು ಜಾಗವನ್ನು ಮುಟ್ಟದೆ ಬಿಟ್ಟರೆ ಬಡವರಾಗುವುದಿಲ್ಲ. ನಮ್ಮ ಅಬ್ಬಿಯ ನೀರು ಮೇಲಿನ ಮನೆಯವರನ್ನು ದಾಟಿ ಬರುತ್ತದೆ, ನಾವು ಬಿಟ್ಟದ್ದು ಕೆಳಗಿನ ಮನೆಯ ಹಂಡೆಗೆ ಹೋಗುತ್ತದೆ.

2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವಸಂಪತ್ತಿನ ದಾಖಲೆ ಬರೆಸಬೇಕು. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಆ ದಾಖಲೆ ಎಲ್ಲಿದೆ ಎಂದು ಕೇಳಿ. ನಮ್ಮ ಹಳ್ಳಗಳ ಹೆಸರು, ಬೇಸಿಗೆಯಲ್ಲೂ ಬತ್ತದ ಗುಂಡಿಗಳ ಹೆಸರು ಅದರಲ್ಲಿ ಬರೆಸಿ. ಆ ಗುಂಡಿಗಳಲ್ಲಿ ಬೇಸಿಗೆ ಮುಗಿಯುವವರೆಗೆ ಯಾರೂ ಮೀನು ಹಿಡಿಯಬಾರದೆಂದು ಊರೇ ಕೂತು ನಿರ್ಣಯ ಮಾಡಲಿ.

ಅದಕ್ಕೂ ಮೊದಲು ಒಂದು ಕೆಲಸ. ಈ ಸಲ ಕೊನೆಗೌಡ ಮದ್ದು ಹೊಡೆಯಲು ಬರುವ ಮುಂಚೆ, ಹಳ್ಳದಿಂದ ದೂರ, ತೋಟದ ಮೇಲಿನ ಅಂಚಿನಲ್ಲಿ ಒಂದು ಗುಂಡಿ ತೋಡಿಸಿ. ಡ್ರಮ್ಮು, ಪಂಪು, ಪೈಪುಗಳನ್ನು ಅಲ್ಲೇ ತೊಳೆಯಲು ಹೇಳಿ, ಮೊದಲ ದಿನ ನೀವೂ ಜೊತೆಗೆ ನಿಂತಿರಿ.