ಕರಾರುಪತ್ರದಲ್ಲಿ ‘ಹೂ’ ಕಂಡರೆ ನಿಲ್ಲಿ

ಕನ್ನಡದಲ್ಲಿ ನಾವು ‘ಎರಡು ವರ್ಷ ಮುಗಿಸಿದ ಕೆಲಸಗಾರರಿಗೆ ಏರ್ ಟಿಕೆಟ್ ಸಿಗುತ್ತೆ’ ಅಂತೀವಿ. ಯಾವ ಕೆಲಸಗಾರರು ಅನ್ನೋದು ಮೊದಲೇ ಬಂದುಬಿಡುತ್ತೆ. ಇಲ್ಲಿ ಗಲ್ಫಿನಲ್ಲಿ ಕೈಗೆ ಕೊಡುವ ಇಂಗ್ಲಿಷ್ ಕರಾರಿನಲ್ಲಿ ಅದು ಆಮೇಲೆ ಬರುತ್ತೆ: ‘ವರ್ಕರ್ಸ್ ಹೂ ಕಂಪ್ಲೀಟ್ ಟೂ ಇಯರ್ಸ್ ವಿಲ್ ಗೆಟ್ ಆ್ಯನ್ ಏರ್ ಟಿಕೆಟ್.’ ‘ವರ್ಕರ್ಸ್’, ‘ಟಿಕೆಟ್’ ಇಷ್ಟೇ ಓದಿ ಸಹಿ ಹಾಕಿದವರು, ಒಂದೇ ವರ್ಷಕ್ಕೆ ಊರಿಗೆ ಹೊರಟರೆ ಸ್ವಂತ ದುಡ್ಡು ಹಾಕಬೇಕಾಗುತ್ತೆ.

ಜನರಿಗೆ ‘ಹೂ’, ವಸ್ತುವಿಗೆ ‘ವಿಚ್’, ಎರಡಕ್ಕೂ ‘ದಟ್’. ಹೆಸರಿನ ಪಕ್ಕದಲ್ಲಿ ಇವು ಕಂಡರೆ ನಿಲ್ಲಿ. ಅಲ್ಲಿಂದ ಮುಂದಿನ ಮಾತನ್ನು ಹೆಸರಿಗಿಂತ ಮೊದಲು ಇಟ್ಟು ಕನ್ನಡದಲ್ಲಿ ಹೇಳಿಕೊಳ್ಳಿ: ‘ಎರಡು ವರ್ಷ ಮುಗಿಸಿದ’ ಕೆಲಸಗಾರರು. ಷರತ್ತು ಏನು ಅಂತ ತಿಳಿಯುತ್ತೆ. ಆಮೇಲೆ ಪೆನ್ನು ಹಿಡಿಯಿರಿ.