ಕಿಟಕಿ ತೆರೆಯುವುದು ಯಾವ ಕಡೆಗೆ?

ಎರಡು ದಿನದ ಮಟ್ಟಿಗೆ ತಿರುವನಂತಪುರಕ್ಕೆ ಹೊರಡುವ ಮನೆಮಂದಿಯ ಪತ್ರಗಳಲ್ಲಿ ಒಂದೇ ಆತಂಕ ಮತ್ತೆ ಮತ್ತೆ ಬರುತ್ತದೆ. ತಂಪಾನೂರಿನಲ್ಲಿ ರೂಮು ಮಾಡಿದರೆ ರಾತ್ರಿ ನಿದ್ದೆ ಬಂದೀತೇ? ಮಕ್ಕಳಿದ್ದಾರೆ, ಎಪ್ಪತ್ತು ದಾಟಿದ ಅಜ್ಜಿ ಇದ್ದಾರೆ, ಒಂದು ಕಡೆ ರೈಲು, ಇನ್ನೊಂದು ಕಡೆ ಬಸ್ಸು. ಕಾಸರಗೋಡು, ಕುಂಬಳೆ, ಬದಿಯಡ್ಕದ ಕನ್ನಡ ಮನೆಗಳವರು ಇದನ್ನು ಹೆಚ್ಚಾಗಿ ಕೇಳುತ್ತಾರೆ. 1956ರ ನವೆಂಬರ್ 1ರಿಂದ ತಿರುವನಂತಪುರ ಅವರ ರಾಜಧಾನಿಯೇನೋ ಹೌದು. ಆದರೆ ಮಂಗಳೂರು ಕೈಗೆಟಕುವಷ್ಟು ಹತ್ತಿರವಿರುವಾಗ, ಐನೂರು ಕಿಲೋಮೀಟರಿಗೂ ಆಚೆಗಿರುವ ಊರು ಪರವೂರೇ. ಸೆಕ್ರೆಟೇರಿಯಟ್ಟಿನ ಫೈಲು, ಪಟ್ಟಂನಲ್ಲಿರುವ ಪಿಎಸ್‌ಸಿ ಕಚೇರಿ, ಶ್ರೀಚಿತ್ರಾ ಆಸ್ಪತ್ರೆ, ಪದ್ಮನಾಭಸ್ವಾಮಿಯ ದರ್ಶನ – ಹೋಗುವ ಕಾರಣ ಯಾವುದಾದರೂ ಇರಲಿ, ಇಳಿಯುವುದು ಮಾತ್ರ ತಂಪಾನೂರಿನಲ್ಲಿ.

ತಂಪಾನೂರು ಹೇಗಿದೆ ಎಂದು ವರ್ಣಿಸುವ ಅಗತ್ಯವಿಲ್ಲ. ಮಾವೇಲಿ ಅಥವಾ ಮಲಬಾರ್ ಎಕ್ಸ್‌ಪ್ರೆಸ್ಸಿನಿಂದ ಇಳಿದವರಿಗೆಲ್ಲ ಗೊತ್ತು. ಸ್ಟೇಷನ್ನಿನಿಂದ ಹೊರಗೆ ಬಂದರೆ ಎದುರಿಗೇ ಕೆಎಸ್‌ಆರ್‌ಟಿಸಿ, ಅದರಾಚೆ ಮಂಞಾಲಿಕುಳಂ ರಸ್ತೆಯ ಲಾಡ್ಜುಗಳ ಸಾಲು. ಬಲ್ಲವರು ಕೊಡುವ ಸಲಹೆ ಒಂದೇ: ಅಲ್ಲಿ ಬೇಡ, ಕೋವಳಕ್ಕೆ ಹೋಗಿ, ಇಲ್ಲವೇ ಕವಡಿಯಾರಿಗೆ ಹೋಗಿ. ಈ ಸಲಹೆ ಕೇಳಿದಾಗಲೆಲ್ಲ ಈ ಮಾತುಗಾರನಿಗೆ ಸ್ವಲ್ಪ ಸಿಟ್ಟು ಬರುತ್ತದೆ. ಪದ್ಮನಾಭಸ್ವಾಮಿಯ ನಿರ್ಮಾಲ್ಯ ದರ್ಶನ ಶುರುವಾಗುವುದು ಬೆಳಗಿನ ಜಾವ ಮೂರೂವರೆಗೆ. ಗಂಡಸರು ಮುಂಡು ಉಟ್ಟು, ಹೆಂಗಸರು ಸೀರೆ ಉಟ್ಟು ಹೊರಡಬೇಕು. ಕೋವಳದಿಂದಾದರೆ ಅಜ್ಜಿಯನ್ನು ಎಬ್ಬಿಸಬೇಕಾದದ್ದು ರಾತ್ರಿ ಎರಡಕ್ಕೆ. ನಿದ್ದೆ ಉಳಿಸಲೆಂದು ದೂರ ಹೋದವರು ಅದೇ ನಿದ್ದೆಯನ್ನು ಕಾರಿನಲ್ಲಿ ಕಳೆದುಕೊಂಡಂತಾಯಿತು. ತಂಪಾನೂರಿನಿಂದಾದರೆ ದೇವಸ್ಥಾನವಿರುವ ಕಿಳಕ್ಕೇಕೋಟೆಗೆ ಒಂದು ಸಣ್ಣ ಆಟೊ ಸವಾರಿ, ಅಷ್ಟೇ.

ಹಾಗಾದರೆ ಸದ್ದಿಗೇನು ಮಾಡುವುದು? ಇಲ್ಲಿ ಜನ ತಪ್ಪುವ ಕಡೆ ಒಂದೇ. ಅವರು ಶಾಂತ ಬಡಾವಣೆ ಹುಡುಕುತ್ತಾರೆ, ಶಾಂತ ಹೋಟೆಲು ಹುಡುಕುತ್ತಾರೆ. ಹುಡುಕಬೇಕಾದದ್ದು ಶಾಂತ ಕಿಟಕಿಯನ್ನು. ಒಂದೇ ಲಾಡ್ಜು, ಒಂದೇ ಮಹಡಿ, ಒಂದೇ ಬಾಡಿಗೆ. ರಸ್ತೆ ಕಡೆಯ 204ರಲ್ಲಿ ಇಡೀ ರಾತ್ರಿ ಜಾಗರಣೆ, ಹಿಂಬದಿಯ 209ರಲ್ಲಿ ಗೊರಕೆ. ಹೀಗಾಗುವುದಕ್ಕೆ ಕಾರಣವಿದೆ. ಅದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು.

ಎರಡೂ ಬದಿಗೆ ಗಾರೆ ಮಾಡಿದ ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಸುಮಾರು 50 ಡೆಸಿಬೆಲ್‌ನಷ್ಟು ಸದ್ದನ್ನು ತಡೆಯುತ್ತದೆ. ಹತ್ತಡಿಗೆ ಹತ್ತಡಿ ಗೋಡೆ ಎಂದಿಟ್ಟುಕೊಂಡರೆ ನೂರು ಚದರಡಿ. ಅದರಲ್ಲಿ ಒಂದೇ ಒಂದು ಚದರಡಿ ತೆರೆದಿಟ್ಟರೆ ಆ ಗೋಡೆಯ ತಡೆ 50ರಿಂದ 20ಕ್ಕೆ ಕುಸಿಯುತ್ತದೆ. ಉಳಿದ ತೊಂಬತ್ತೊಂಬತ್ತು ಚದರಡಿ ಇಟ್ಟಿಗೆಯದ್ದಾದರೇನು, ಕಗ್ಗಲ್ಲಿನದಾದರೇನು, ಲೆಕ್ಕ ಬದಲಾಗುವುದಿಲ್ಲ. ಕೊಡ ಎಷ್ಟೇ ದಪ್ಪವಿರಲಿ, ನೀರು ಸೋರುವುದು ತೂತಿನಿಂದ. ಲಾಡ್ಜಿನ ಕೋಣೆಯಲ್ಲಿ ಆ ತೂತು ಇರುವುದು ಎಲ್ಲಿ? ಹೆಚ್ಚಿನವರು ಕಿಟಕಿಯ ಕಡೆ ನೋಡುತ್ತಾರೆ, ಪರದೆ ಎಳೆಯುತ್ತಾರೆ. ಪರದೆ ಬೆಳಕನ್ನು ತಡೆಯುತ್ತದೆಯೇ ಹೊರತು ಬಸ್ಸಿನ ಹಾರನ್ನನ್ನಲ್ಲ. ತೂತು ಇರುವುದು ಬಚ್ಚಲುಮನೆಯಲ್ಲಿ. ಅಲ್ಲಿ ಓರೆಯಾಗಿ ಜೋಡಿಸಿದ ಗಾಜಿನ ಪಟ್ಟಿಗಳ ವೆಂಟಿಲೇಟರ್ ಇರುತ್ತದೆ, ಅದನ್ನು ಪೂರ್ತಿ ಮುಚ್ಚಲು ಬರುವುದಿಲ್ಲ. ಮಕ್ಕಳು ರಾತ್ರಿ ಎದ್ದರೆ ಕಾಣಲಿ ಎಂದು ಅಲ್ಲಿ ದೀಪ ಹಾಕಿ, ಬಾಗಿಲು ಅರ್ಧ ತೆರೆದು ಮಲಗಿದರೆ ಇಡೀ ತಂಪಾನೂರು ಆ ದಾರಿಯಲ್ಲಿ ಒಳಗೆ ಬರುತ್ತದೆ. ಬಚ್ಚಲಿನ ಬಾಗಿಲು ಮುಚ್ಚಿ, ಬುಡದ ಸಂದಿಗೆ ಒಂದು ಟವೆಲು ಒತ್ತಿಟ್ಟರೆ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದನ್ನು ಮಾಡಿ ನೋಡಿದವರೇ ಹೇಳಬೇಕು. ಖರ್ಚು ಏನೂ ಇಲ್ಲ.

ಇದನ್ನು ಕಣ್ಣಾರೆ ನೋಡಬೇಕೆಂದಿದ್ದರೆ ತಂಪಾನೂರು ಬಸ್‌ಸ್ಟ್ಯಾಂಡಿನ ಪಕ್ಕದ ಇಂಡಿಯನ್ ಕಾಫಿ ಹೌಸಿಗೆ ಹೋಗಬಹುದು. ಲಾರಿ ಬೇಕರ್ ಕಟ್ಟಿದ ಆ ಕೆಂಪು ಇಟ್ಟಿಗೆಯ ಸುರುಳಿ ಗೋಪುರದ ಗೋಡೆಯ ತುಂಬ ಸಣ್ಣ ಸಣ್ಣ ಕಿಂಡಿಗಳು. ಗಾಳಿ ಬರುತ್ತದೆ, ಬೆಳಕು ಬರುತ್ತದೆ, ಹೊರಗಿನ ಬಸ್ಸುಗಳ ಗದ್ದಲವೂ ಅಷ್ಟೇ ಸಲೀಸಾಗಿ ಬರುತ್ತದೆ. ಬೇಕರ್ ಅದನ್ನು ಕಟ್ಟಿದ್ದು ಕಾಫಿ ಕುಡಿಯಲು, ಮಲಗಲು ಅಲ್ಲ. ಹಾಗಾಗಿ ಅಲ್ಲಿ ದೂರುವಂಥದ್ದೇನೂ ಇಲ್ಲ.

ಇನ್ನು ಆ ಮೇಲಿನ ಮಹಡಿಯ ನಂಬಿಕೆ. ‘ನಾಲ್ಕನೇ ಮಹಡಿ ಕೊಟ್ಟಿದ್ದಾರೆ, ಸದ್ದು ಇರುವುದಿಲ್ಲ’ ಎಂದು ಖುಷಿಪಡುವವರು ಲೆಕ್ಕ ಹಾಕಿ ನೋಡಲಿ. ರಸ್ತೆ ಕಟ್ಟಡದಿಂದ ಹತ್ತು ಮೀಟರ್ ದೂರದಲ್ಲಿದೆ ಎಂದಿಟ್ಟುಕೊಳ್ಳೋಣ. ನಾಲ್ಕು ಮಹಡಿ ಏರಿದರೆ ಓರೆ ಅಳತೆಯಲ್ಲಿ ಅದು ಹದಿನಾರು ಮೀಟರ್ ಆದೀತು. ಸಾಲು ವಾಹನಗಳ ಸದ್ದು ದೂರ ಇಮ್ಮಡಿಯಾದರೆ ಇಳಿಯುವುದು ಬರೀ 3 ಡೆಸಿಬೆಲ್. ಅಂದರೆ ಅಷ್ಟು ಮೆಟ್ಟಿಲು ಹತ್ತಿದ್ದಕ್ಕೆ ಸಿಕ್ಕಿದ್ದು ಎರಡೇ ಎರಡು ಡೆಸಿಬೆಲ್. ಕಿವಿಗೆ ಅದು ತಿಳಿಯುವುದೂ ಕಷ್ಟ. ಕೆಳಗಿದ್ದಾಗ ಅಡ್ಡವಿದ್ದ ಕಾಂಪೌಂಡು, ಎದುರಿನ ಅಂಗಡಿಯ ಮಾಡು ಎಲ್ಲವೂ ಮೇಲೆ ಹೋದಂತೆ ಕಣ್ಣಿನ ಕೆಳಗಾಗಿ, ದೂರದ ರಸ್ತೆಯೂ ಕೇಳತೊಡಗುತ್ತದೆ. ಅದೇ ಕೋಣೆ ಹಿಂಬದಿಗಿದ್ದರೆ ಇಡೀ ಕಟ್ಟಡವೇ ಅಡ್ಡ ಗೋಡೆ. ಯೂರೋಪಿನ ಒಕ್ಕೂಟ 2002ರಲ್ಲಿ ಹೊರಡಿಸಿದ ಸದ್ದಿನ ನಿರ್ದೇಶನದಲ್ಲಿ ಮನೆಯ ‘ಶಾಂತ ಮುಖ’ಕ್ಕೆ ಒಂದು ಅಳತೆ ಇದೆ: ಅತಿ ಹೆಚ್ಚು ಗದ್ದಲದ ಮುಖಕ್ಕಿಂತ 20 ಡೆಸಿಬೆಲ್‌ಗೂ ಮಿಕ್ಕಿ ಕಡಿಮೆ ಇರಬೇಕು. ಮೇಲೇರಿದರೆ ಎರಡು, ಹಿಂದೆ ಹೋದರೆ ಇಪ್ಪತ್ತರವರೆಗೂ. ಇಷ್ಟು ಹೇಳಿದ ಮೇಲೂ ಮೇಲಿನ ಮಹಡಿಯನ್ನೇ ಕೇಳುವವರಿದ್ದಾರೆ. ಅವರಿಗೆ ನೋಟ ಬೇಕು, ನಿದ್ದೆ ಬೇಡ.

ತಮಾಷೆಯೆಂದರೆ, ಲಾಡ್ಜಿನವರು ಫ್ಯಾಮಿಲಿ ಎಂದೊಡನೆ ಮರ್ಯಾದೆಗೆಂದು ಮುಂದಿನ ಕೋಣೆಯನ್ನೇ ಕೊಡುತ್ತಾರೆ. ಹಿಂದಿನದು ಕೊಡಿ ಎಂದರೆ ಗುಮಾಸ್ತರ ಮುಖ ಸಣ್ಣದಾಗುತ್ತದೆ, ‘ಅಲ್ಲಿಂದ ಏನೂ ಕಾಣುವುದಿಲ್ಲ ಸಾರ್’ ಎಂದು ಎಚ್ಚರಿಸುತ್ತಾರೆ. ಫೋನಿನಲ್ಲಿ ‘ಕ್ವಯಟ್ ರೂಮ್ ಉಂಟಾ’ ಎಂದು ಕೇಳಿ ಪ್ರಯೋಜನವಿಲ್ಲ. ‘ಉಂಡ್’ ಎಂಬುದು ಎಲ್ಲ ಲಾಡ್ಜುಗಳ ಉತ್ತರ. ಈ ಮಾತುಗಾರ ಕೇಳುವುದು ಮಲಯಾಳದ ಒಂದೇ ಪ್ರಶ್ನೆ: ‘ಜನಲ್ ಎಙ್ಙೋಟ್ಟಾ ತುರಕ್ಕುನ್ನದ್?’ – ಕಿಟಕಿ ತೆರೆಯುವುದು ಯಾವ ಕಡೆಗೆ? ಇದಕ್ಕೆ ಸುಳ್ಳು ಹೇಳುವುದು ಸುಲಭವಲ್ಲ. ಎರಡನೆಯದಾಗಿ, ಆ ಕಡೆ ಕೆಳಗೆ ಏನಿದೆ ಎಂದು ಕೇಳಬೇಕು. ಹಿಂಬದಿಯಲ್ಲಿ ಜನರೇಟರ್ ಇರಬಹುದು, ನೀರಿನ ಪಂಪು ಇರಬಹುದು, ಬೆಳಗಿನ ನಾಲ್ಕಕ್ಕೆ ಪಾತ್ರೆ ಬಡಿಯುವ ಅಡುಗೆಮನೆ ಇರಬಹುದು.

ನಿದ್ದೆ ಕೆಡಿಸುವುದು ಒಟ್ಟು ಗದ್ದಲಕ್ಕಿಂತ ಹೆಚ್ಚಾಗಿ ಆಗೊಮ್ಮೆ ಈಗೊಮ್ಮೆ ಮೇಲೇಳುವ ಸದ್ದು. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಮಲಗುವ ಕೋಣೆಗೆ ಎರಡು ಬೇರೆ ಮಿತಿ ಹೇಳಿದ್ದು ಇದೇ ಕಾರಣಕ್ಕೆ – ಒಂದೇ ಸಮನೆ ಇರುವ ಸದ್ದಿಗೆ 30 ಡೆಸಿಬೆಲ್, ಬಿಡಿ ಸದ್ದಿಗೆ 45. ನಮ್ಮ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಣಿಜ್ಯ ಪ್ರದೇಶದಲ್ಲಿ ರಾತ್ರಿ ಹೊರಗಿನ ಮಿತಿ 55. ಆ ಮಿತಿಯನ್ನು ಎಲ್ಲರೂ ಪಾಲಿಸಿದರೂ, ತೂತು ಬಿದ್ದ ಗೋಡೆ 20 ಕಳೆದರೆ ಉಳಿಯುವುದು 35. ಸೀಲಿಂಗ್ ಫ್ಯಾನು ಇಲ್ಲಿ ಸಹಾಯಕ್ಕೆ ಬರುತ್ತದೆ. ಅದರ ಒಂದೇ ಲಯದ ಸದ್ದು ದೂರದ ಹಾರನ್ನನ್ನು ನುಂಗಿಹಾಕುತ್ತದೆ. ಕೋವಳದ ಅಲೆಗಳನ್ನು ಹೊಗಳುವವರು ನಿಜವಾಗಿ ಹೊಗಳುತ್ತಿರುವುದೂ ಇದೇ ಗುಣವನ್ನು. ಇನ್ನೊಂದು ಮಾತು, ಮಕ್ಕಳ ಬಗ್ಗೆ ಅಷ್ಟು ಹೆದರಬೇಕಿಲ್ಲ. ಸದ್ದಿಗೆ ಮಕ್ಕಳು ದೊಡ್ಡವರಷ್ಟು ಬೇಗ ಎಚ್ಚರಗೊಳ್ಳುವುದಿಲ್ಲ. ಎಚ್ಚರವಾಗುವುದು ಅಜ್ಜಿಗೆ. ಒಳ್ಳೆಯ ಮೂಲೆ ಅವರಿಗೆ ಮೀಸಲಾಗಲಿ.

ನಕ್ಷತ್ರಗಳನ್ನು ನಂಬುವವರಿಗೂ ಒಂದು ಮಾತು ಹೇಳಬೇಕು. ಕೇರಳದಲ್ಲಿ 2014ರ ಮದ್ಯನೀತಿ ಬಾರುಗಳನ್ನು ಪಂಚತಾರಾ ಹೋಟೆಲುಗಳಿಗೆ ಸೀಮಿತಗೊಳಿಸಿತ್ತು. 2017ರ ಜುಲೈಯಿಂದ ಮೂರು ನಕ್ಷತ್ರ ಮತ್ತು ಮೇಲಿನ ಹೋಟೆಲುಗಳಿಗೆ ಮತ್ತೆ ಅವಕಾಶ ಸಿಕ್ಕಿತು. ಹೀಗಾಗಿ ಮೂರು ನಕ್ಷತ್ರ ಕಂಡೊಡನೆ ಫ್ಯಾಮಿಲಿಗೆ ಒಳ್ಳೆಯದು ಎಂದುಕೊಂಡರೆ, ಕೆಳಗೆ ಬಾರ್ ಇರುವ ಸಂಭವ ಹೆಚ್ಚು. ನಕ್ಷತ್ರವೇ ಇಲ್ಲದ, ಸಸ್ಯಾಹಾರಿ ಹೋಟೆಲಿನ ಮೇಲಿರುವ ಲಾಡ್ಜಿನಲ್ಲಿ ರಾತ್ರಿ ಹತ್ತಕ್ಕೇ ಶಟರ್ ಬೀಳಬಹುದು. ಆದರೆ ಅಲ್ಲೂ 24 ಗಂಟೆ ಚೆಕ್‌ಔಟ್ ಪದ್ಧತಿ ಇದೆಯೇ ಎಂದು ನೋಡಿಕೊಳ್ಳಬೇಕು. ಬೆಳಗ್ಗೆ ಮಾವೇಲಿಯಿಂದ ಇಳಿದವರಿಗೆ ಅದು ಅನುಕೂಲ, ನಿಜ. ಆದರೆ ಕಾರಿಡಾರಿನಲ್ಲಿ ರಾತ್ರಿಯಿಡೀ ಸೂಟ್‌ಕೇಸಿನ ಗಾಲಿಗಳು ಉರುಳುತ್ತಿರುತ್ತವೆ. ಲಿಫ್ಟಿನ ಪಕ್ಕದ ಕೋಣೆ ಬೇಡವೆನ್ನುವುದು ಅದಕ್ಕೇ. ಮಂಗಳೂರಿನಿಂದ ವಂದೇ ಭಾರತ್ ಹತ್ತಿದವರು ಹೇಗೂ ಮಧ್ಯಾಹ್ನದ ಹೊತ್ತಿಗೆ ತಲುಪುವುದರಿಂದ ಅವರಿಗೆ ಚೆಕ್‌ಇನ್ನಿನ ತಲೆನೋವಿಲ್ಲ.

ತಾರೀಕು ನೋಡದೆ ರೂಮು ಮಾಡುವವರಿಗೆ ಏನು ಹೇಳಿಯೂ ಪ್ರಯೋಜನವಿಲ್ಲ. ಕುಂಭಮಾಸದ ಆಟ್ಟುಕಾಲ್ ಪೊಂಗಾಲೆಗೆ 2009ರಲ್ಲಿ ಸೇರಿದ ಹೆಂಗಸರ ಸಂಖ್ಯೆ ಗಿನ್ನೆಸ್ ದಾಖಲೆಯ ಪ್ರಕಾರ 25 ಲಕ್ಷ. ಆ ದಿನ ದೇವಸ್ಥಾನದಿಂದ ಕಿಲೋಮೀಟರುಗಟ್ಟಲೆ ದೂರದವರೆಗೆ, ತಂಪಾನೂರಿನ ರಸ್ತೆಗಳಲ್ಲೂ, ಇಟ್ಟಿಗೆ ಒಲೆಗಳನ್ನು ಹೂಡಿರುತ್ತಾರೆ. ನೋಡಲೆಂದೇ ಹೋಗುವವರಿಗೆ ಅದು ಹಬ್ಬ. ನಿದ್ದೆಗೆಂದು ಹೋಗುವವರಿಗೆ ಅಲ್ಲ. ಓಣಂ ವಾರದಲ್ಲಿ, ಎಲ್ಲರೂ ಶಾಂತ ಎನ್ನುವ ಕವಡಿಯಾರ್ ಕಡೆಯೇ ದೀಪಾಲಂಕಾರ, ಜನಸಂದಣಿ. ರಾಜ್ಯ ಶಾಲಾ ಕಲೋತ್ಸವ 2025ರ ಜನವರಿಯಲ್ಲಿ ತಿರುವನಂತಪುರದಲ್ಲೇ ನಡೆಯಿತು. ಯಕ್ಷಗಾನದ ವೇಷ, ಚೆಂಡೆ, ಮಕ್ಕಳ ಸಮೇತ ಕಾಸರಗೋಡಿನಿಂದ ಹೊರಡುವ ತಂಡಗಳಿಗೆ ಇದು ಹೊಸದಲ್ಲ: ಕಲೋತ್ಸವ ಬಂದ ಊರಿನಲ್ಲಿ ಒಳ್ಳೆಯ ಕೋಣೆ ಮೊದಲೇ ಹೋಗಿರುತ್ತದೆ. ಮಳೆಗಾಲದಲ್ಲಾದರೆ ತಂಪಾನೂರಿನ ತಗ್ಗು ಜಾಗಗಳಲ್ಲಿ ನೆಲಮಹಡಿ ಬೇಡ. ಜೋರು ಮಳೆಗೆ ಅಲ್ಲಿ ನೀರು ನಿಲ್ಲುತ್ತದೆ. ಚರಂಡಿ-ಕಾಲುವೆ ತೆರವಿನ 2015ರ ಆಪರೇಷನ್ ಅನಂತ ಶುರುವಾದದ್ದೇ ಆ ಕಾರಣಕ್ಕೆ.

ಕೊಚ್ಚಿಯ ವಿಷಯ ಬೇರೆ. ಎರ್ನಾಕುಳಂ ಸೌತ್ ಸ್ಟೇಷನ್ನಿನ ಸುತ್ತ ತಂಪಾನೂರಿನ ಕತೆಯೇ. ಆದರೆ 2017ರಲ್ಲಿ ಬಂದ ಮೆಟ್ರೊದಿಂದಾಗಿ ಸ್ಟೇಷನ್ನಿಗೆ ಅಂಟಿಕೊಂಡೇ ಉಳಿಯಬೇಕೆಂಬ ಹಂಗು ತಪ್ಪಿದೆ. ಫೋರ್ಟ್ ಕೊಚ್ಚಿಯ ಓಣಿಗಳಿಗೆ ಲಾರಿ ನುಗ್ಗದು; ಮನೆಯವರೇ ವಾಸವಿರುವ ಹೋಂಸ್ಟೇಗಳು ಅಲ್ಲಿ ಬೇಕಾದಷ್ಟಿವೆ. ಕೇರಳ ಪ್ರವಾಸೋದ್ಯಮ ಇಲಾಖೆ ಅವುಗಳನ್ನು ಡೈಮಂಡ್, ಗೋಲ್ಡ್, ಸಿಲ್ವರ್ ಎಂದು ವಿಂಗಡಿಸುತ್ತದೆ. ಆ ವಿಂಗಡಣೆ ಹಳೆಯ ಮನೆಯ ಮರದ ಅಟ್ಟದ ಮೇಲೆ ಓಡಾಡುವವರ ಹೆಜ್ಜೆ ಸದ್ದಿನ ಬಗ್ಗೆ ಏನೂ ಹೇಳುವುದಿಲ್ಲ, ಅದನ್ನು ಕೇಳಿಯೇ ತಿಳಿಯಬೇಕು. ಡಿಸೆಂಬರಿನ ಕೊನೆಯ ವಾರ ಮಾತ್ರ ಆ ಕಡೆ ಸುಳಿಯಬಾರದು. ಕಾರ್ನಿವಲ್ ನಡೆಯುತ್ತಿರುತ್ತದೆ, 31ರ ನಡುರಾತ್ರಿ ಪಾಪ್ಪಾಂಞಿ ಎಂಬ ಮುದುಕನ ಬೊಂಬೆಯನ್ನು ಸುಡಲು ಊರಿಗೆ ಊರೇ ಸೇರುತ್ತದೆ.

ಇಲ್ಲಿಂದ ವಿಮಾನ ಹತ್ತಿ ಹೊರದೇಶಕ್ಕೆ ಹೋಗುವವರಿಗೂ ಪ್ರಶ್ನೆ ಬದಲಾಗುವುದಿಲ್ಲ. ಪ್ಯಾರಿಸ್ಸಿನಲ್ಲಿ ಅಂಗಳದ ಕಡೆಯ ಕೋಣೆ ಕೇಳುವುದು ಅಲ್ಲಿಯವರಿಗೇ ರೂಢಿ. ಸಿಂಗಪುರದಲ್ಲಿ ಸಸ್ಯಾಹಾರದ ಆಸೆಗೆ ಲಿಟ್ಲ್ ಇಂಡಿಯಾ ಹಿಡಿಯುವ ಕನ್ನಡ ಮನೆಗಳು, ಭಾನುವಾರ ಸಂಜೆ ಅಲ್ಲಿ ರಜೆಯಲ್ಲಿರುವ ಕಾರ್ಮಿಕರೆಲ್ಲ ಸೇರುತ್ತಾರೆ ಎಂಬುದನ್ನು ತಿಳಿದಿದ್ದರೆ ಸಾಕು. ಹೊರಡುವ ಹಿಂದಿನ ರಾತ್ರಿಗೆಂದು ತಿರುವನಂತಪುರದ ವಿಮಾನ ನಿಲ್ದಾಣದ ಪಕ್ಕದಲ್ಲೇ ಕೋಣೆ ಮಾಡುವುದರಲ್ಲಿ ಅರ್ಥವಿಲ್ಲ. ಗಲ್ಫಿನ ವಿಮಾನಗಳು ಏರಿಳಿಯುವುದು ಹೆಚ್ಚಾಗಿ ರಾತ್ರಿಯೇ. ತಂಪಾನೂರಿನಿಂದ ಅಲ್ಲಿಗೆ ಕೆಲವೇ ಕಿಲೋಮೀಟರ್.

ಸಮಯ ಮುಗಿಯುತ್ತ ಬಂತು, ಉಳಿದದ್ದು ಬೇಗ ಬೇಗ. ಎಕ್ಸ್‌ಟ್ರಾ ಬೆಡ್ ಎಂದರೆ ಮಂಚವೋ ನೆಲದ ಹಾಸಿಗೆಯೋ ಕೇಳಿಕೊಳ್ಳಬೇಕು. ಬಿಸಿನೀರು ದಿನವಿಡೀ ಇದೆಯೋ ಬೆಳಗ್ಗೆ ಮಾತ್ರವೋ ಎಂಬುದನ್ನೂ ವಿಚಾರಿಸಬೇಕು. ಬಾಲ್ಕನಿಯ ಕಂಬಿಗಳ ನಡುವೆ ಮಗುವಿನ ತಲೆ ತೂರುವಂತಿದ್ದರೆ ಕೋಣೆ ಬದಲಿಸಬೇಕು. ಸೊಳ್ಳೆಪರದೆ ಇಲ್ಲದ ಕಿಟಕಿಯನ್ನು ಹೇಗೂ ತೆರೆಯಲಾಗುವುದಿಲ್ಲ, ಹಾಗಾಗಿ ಎಸಿ ಬೇಕಾಗುತ್ತದೆ.

ಸ್ಟೇಷನ್ನಿನ ರಿಟೈರಿಂಗ್ ರೂಮು ಆದೀತೇ ಎಂದು ಕೇಳಿದವರಿಗೆ: ಒಂದು ರಾತ್ರಿಗೆ, ಬೆಳಗಿನ ರೈಲು ಹಿಡಿಯುವುದಿದ್ದರೆ, ಆದೀತು. ಪಿಎನ್‌ಆರ್ ಸಂಖ್ಯೆ ಇದ್ದರೆ ಆನ್‌ಲೈನ್‌ನಲ್ಲೇ ಕಾದಿರಿಸಬಹುದು. ಅನೌನ್ಸ್‌ಮೆಂಟು ಮಾತ್ರ ಮೂರು ಭಾಷೆಗಳಲ್ಲಿ ಕೇಳಿಸುತ್ತದೆ, ಬಚ್ಚಲಿನ ಬಾಗಿಲು ಮುಚ್ಚಿದ್ದರೂ.