ಕೊಂಬಿರುವ ಅಕ್ಷರ

‘ಕ’ ಬರೆದು ಒಂದು ಕೊಂಬು ಕೊಡಿ, ‘ಕು’ ಆಗುತ್ತದೆ. ಅಕ್ಷರ ಅದೇ, ಆದರೆ ಪುಟ್ಟದೊಂದು ಗುರುತು ಓದನ್ನೇ ಬದಲಿಸಿತು. ನಮ್ಮ ಡಿಎನ್‌ಎಯಲ್ಲೂ ಇಂಥದ್ದೊಂದು ಕೊಂಬಿದೆ. ಎ, ಟಿ, ಜಿ, ಸಿ ಎಂಬ ನಾಲ್ಕು ಅಕ್ಷರಗಳಲ್ಲಿ ‘ಸಿ’ಗೆ, ಅಂದರೆ ಸೈಟೊಸಿನ್‌ಗೆ, ಮೀಥೈಲ್ ಎಂಬ ಸಣ್ಣ ಗುಂಪು ಅಂಟಿಕೊಳ್ಳುತ್ತದೆ. ಒಂದು ಇಂಗಾಲ, ಮೂರು ಜಲಜನಕ, ಅಷ್ಟೆ. ಜೀನಿನ ಆರಂಭದಲ್ಲಿ ಇಂಥ ಕೊಂಬುಗಳು ಒತ್ತಾಗಿ ಬಿದ್ದರೆ ಆ ಜೀನ್ ಸಾಮಾನ್ಯವಾಗಿ ಬಾಯಿ ಮುಚ್ಚಿಕೊಳ್ಳುತ್ತದೆ.

ಈ ಕೊಂಬನ್ನು ಓದುವುದು ಹೇಗೆ? ಪಿಸಿಆರ್ ಯಂತ್ರದಲ್ಲಿ ಡಿಎನ್‌ಎಯನ್ನು ನಕಲು ಮಾಡಿದರೆ ಅಕ್ಷರ ಬರುತ್ತದೆ, ಕೊಂಬು ಬರುವುದಿಲ್ಲ. 1992ರಲ್ಲಿ ಆಸ್ಟ್ರೇಲಿಯಾದ ಮೇರಿಯಾನ್ ಫ್ರಾಮರ್ ಮತ್ತು ಸಂಗಡಿಗರು ಇದಕ್ಕೊಂದು ದಾರಿ ತೋರಿಸಿದರು. ಡಿಎನ್‌ಎಯನ್ನು ಬೈಸಲ್ಫೈಟ್ ದ್ರಾವಣದಲ್ಲಿ ಇಟ್ಟರೆ ಕೊಂಬಿಲ್ಲದ ‘ಸಿ’ ರೂಪ ಬದಲಿಸಿ, ನಕಲಿನಲ್ಲಿ ‘ಟಿ’ ಎಂದು ಬರುತ್ತದೆ. ಕೊಂಬಿರುವ ‘ಸಿ’ ಜಗ್ಗುವುದಿಲ್ಲ. ‘ಎ ಸಿ ಜಿ ಸಿ’ ಎಂಬ ಸಾಲು ‘ಎ ಸಿ ಜಿ ಟಿ’ ಆಗಿ ಬಂತು ಅಂದುಕೊಳ್ಳಿ. ಮೊದಲ ‘ಸಿ’ಗೆ ಕೊಂಬಿತ್ತು, ಎರಡನೆಯದಕ್ಕೆ ಇರಲಿಲ್ಲ.

ಇನ್ನು ಜೀವಕೋಶದೊಳಗೆ ಈ ಸಾಲನ್ನು ಓದುವವರು ಯಾರು? ಡಿಎನ್‌ಎ ಮೇಲೆ ಬಂದು ಕೂರುವ ಪ್ರೋಟೀನುಗಳು. ಸಿಟಿಸಿಎಫ್ ಎಂಬ ಪ್ರೋಟೀನ್ ತನ್ನ ಹಲವು ಜಾಗಗಳಲ್ಲಿ ಕೊಂಬಿದ್ದರೆ ಕೂರುವುದೇ ಇಲ್ಲ. ಯಾವ ಪ್ರೋಟೀನ್ ಎಲ್ಲಿ ಕೂತಿದೆ ಎಂದು ತಿಳಿಯಲು ‘ಚಿಪ್’ ಎಂಬ ವಿಧಾನವಿದೆ. ಜೀವಕೋಶಗಳಿಗೆ ಶೇಕಡ 1ರ ಫಾರ್ಮಾಲ್ಡಿಹೈಡ್ ಬೆರೆಸಿ ಸುಮಾರು 10 ನಿಮಿಷ ಬಿಡುತ್ತಾರೆ. ಪ್ರೋಟೀನ್ ಕೂತಲ್ಲೇ ಅಂಟಿಕೊಳ್ಳುತ್ತದೆ. ಆಮೇಲೆ ಶ್ರವಣಾತೀತ ತರಂಗಗಳಿಂದ ಡಿಎನ್‌ಎಯನ್ನು ಕೆಲವು ನೂರು ಅಕ್ಷರಗಳ ತುಂಡುಗಳಾಗಿ ಒಡೆಯುತ್ತಾರೆ. ಬೇಕಾದ ಪ್ರೋಟೀನನ್ನೇ ಹಿಡಿಯುವ ಪ್ರತಿಕಾಯವನ್ನು ಬಿಟ್ಟು ಅದನ್ನು ಹೊರಗೆಳೆಯುತ್ತಾರೆ. ಜೊತೆಗೆ ಬಂದ ಡಿಎನ್‌ಎ ತುಂಡೇ ವಿಳಾಸ ಹೇಳುತ್ತದೆ. ಪ್ರತಿಕಾಯ ತಪ್ಪು ಪ್ರೋಟೀನನ್ನು ಹಿಡಿದರೆ ವಿಳಾಸವೂ ತಪ್ಪು. ಅದಕ್ಕೇ ಮೊದಲು ಪ್ರತಿಕಾಯವನ್ನೇ ಪರೀಕ್ಷಿಸಬೇಕು.

ಇಷ್ಟು ಶ್ರಮ ಯಾಕೆ? ಗ್ಲಿಯೊಬ್ಲಾಸ್ಟೋಮ ಎಂಬ ಮಿದುಳಿನ ಕ್ಯಾನ್ಸರಿಗೆ ಟೆಮೊಜೊಲೊಮೈಡ್ ಎಂಬ ಔಷಧಿ ಕೊಡುತ್ತಾರೆ. ಅದು ಗೆಡ್ಡೆಯ ಡಿಎನ್‌ಎಯನ್ನು ಕೆಡಿಸುತ್ತದೆ. ಎಂಜಿಎಂಟಿ ಎಂಬ ಜೀನಿನಿಂದ ತಯಾರಾಗುವ ಪ್ರೋಟೀನ್ ಆ ಹಾನಿಯನ್ನು ರಿಪೇರಿ ಮಾಡಿಬಿಡುತ್ತದೆ. ಗೆಡ್ಡೆಯಲ್ಲಿ ಈ ಜೀನಿಗೆ ಕೊಂಬು ಬಿದ್ದು ಅದು ಸುಮ್ಮನಾಗಿದ್ದರೆ ಔಷಧಿ ಹೆಚ್ಚು ನಾಟುತ್ತದೆ ಎಂದು 2005ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆ ಕೊಂಬನ್ನು ಅಲ್ಲಿ ಕಂಡುಹಿಡಿದದ್ದೂ ಬೈಸಲ್ಫೈಟ್ ಉಪಚಾರದಿಂದಲೇ. ಒಂದು ಇಂಗಾಲ, ಮೂರು ಜಲಜನಕದ ಗುರುತನ್ನು ಓದಲು ಕಲಿತದ್ದರಿಂದ, ಯಾವ ರೋಗಿಗೆ ಯಾವ ಔಷಧಿ ಎಂದು ಯೋಚಿಸುವ ವೈದ್ಯರಿಗೆ ಒಂದು ಆಧಾರ ಸಿಕ್ಕಿತು.